ವಾಯುಮಂಡಲದ ಪದರಗಳು: ಈ ಗೆರೆಗಳನ್ನು ಎಳೆದಿದ್ದು ಉಷ್ಣಾಂಶ

ವಾಯುಮಂಡಲ ಅಂದರೆ ಭೂಮಿಯನ್ನು ಸುತ್ತಿಕೊಂಡಿರುವ ಗಾಳಿ. ಭೂಮಿಯ ಗುರುತ್ವ ಅದನ್ನು ಹಾರಿಹೋಗಲು ಬಿಡದೆ ಹಿಡಿದಿಟ್ಟಿದೆ. ಅದರಲ್ಲಿ ಐದು ಪದರಗಳಿವೆ ಅಂತ ಎಲ್ಲರೂ ಶಾಲೆಯಲ್ಲಿ ಓದಿರುತ್ತೇವೆ: ಪರಿವರ್ತನ ಮಂಡಲ, ಸಮೋಷ್ಣ ಮಂಡಲ, ಮಧ್ಯಂತರ ಮಂಡಲ, ಉಷ್ಣತಾ ಮಂಡಲ, ಬಾಹ್ಯ ಮಂಡಲ. ಹೆಸರುಗಳು ಬಾಯಿಪಾಠ ಆಗಿರುತ್ತವೆ. ಆದರೆ ಒಂದು ಪದರ ಇಲ್ಲಿಗೇ ಮುಗಿಯಿತು, ಇನ್ನೊಂದು ಇಲ್ಲಿಂದಲೇ ಶುರು ಅಂತ ಯಾವ ಆಧಾರದ ಮೇಲೆ ಹೇಳುತ್ತಾರೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಹೆಸರುಗಳನ್ನು ಉರುಹೊಡೆಯುವ ಕೆಲಸವೇ ಇರುವುದಿಲ್ಲ.

ಗಾಳಿಯ ಪ್ರಮಾಣ ನೋಡಿ ಗೆರೆ ಎಳೆದಿರಬಹುದಾ? ಇಲ್ಲ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತಲೇ ಹೋಗುತ್ತದೆ, ಮಧ್ಯೆ ಎಲ್ಲೂ ಥಟ್ಟನೆ ಬದಲಾಗುವುದಿಲ್ಲ. ಸಮುದ್ರ ಮಟ್ಟದಲ್ಲಿ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ನಿಂತಿರುವ ಗಾಳಿಯ ಕಂಬದ ತೂಕ ಸುಮಾರು 1 ಕಿಲೋ. ಒಂದು ಚದರ ಮೀಟರ್‌ಗೆ ಲೆಕ್ಕ ಹಾಕಿದರೆ ಹತ್ತು ಟನ್! ಅಷ್ಟೇ ಒತ್ತಡ ಎಲ್ಲ ಕಡೆಯಿಂದಲೂ, ದೇಹದ ಒಳಗಿನಿಂದಲೂ ಇರುವುದರಿಂದ ನಮಗೆ ಅದು ಗೊತ್ತಾಗುವುದಿಲ್ಲ. ಎತ್ತರಕ್ಕೆ ಹೋದರೆ ತಲೆಯ ಮೇಲಿನ ಗಾಳಿ ಕಡಿಮೆ, ಹಾಗಾಗಿ ಒತ್ತಡವೂ ಕಡಿಮೆ. ಇದನ್ನು ಮೊದಲು ಅಳೆದು ತೋರಿಸಿದ್ದು 1648ರಲ್ಲಿ. ಬ್ಲೇಸ್ ಪಾಸ್ಕಲ್ ಹೇಳಿದ್ದಕ್ಕೆ ಅವರ ಭಾವ ಫ್ಲೋರಾಂ ಪೆರಿಯೆ ಗಾಳಿಯ ಒತ್ತಡ ಅಳೆಯುವ ಪಾದರಸದ ಕೊಳವೆ ಹೊತ್ತುಕೊಂಡು ಫ್ರಾನ್ಸ್‌ನ ಪ್ಯೂಯಿ ದ ದೋಮ್ ಬೆಟ್ಟ ಹತ್ತಿದರು. ಬೆಟ್ಟದ ತುದಿಯಲ್ಲಿ ಪಾದರಸದ ಮಟ್ಟ ಬುಡದಲ್ಲಿ ಇದ್ದದ್ದಕ್ಕಿಂತ ಮೂರು ಇಂಚಿನಷ್ಟು ಕೆಳಗಿತ್ತು.

ಈ ಇಳಿಕೆ ಎಷ್ಟು ಬೇಗ ಆಗುತ್ತದೆ ಅಂದರೆ, ವಾಯುಮಂಡಲದ ಅರ್ಧ ತೂಕ ಕೆಳಗಿನ ಐದೂವರೆ ಕಿಲೋಮೀಟರ್‌ನಲ್ಲೇ ಮುಗಿದುಹೋಗುತ್ತದೆ. 16 ಕಿಲೋಮೀಟರ್ ದಾಟುವಷ್ಟರಲ್ಲಿ ಶೇಕಡಾ 90, ಸುಮಾರು 31 ಕಿಲೋಮೀಟರ್‌ಗೆ ಶೇಕಡಾ 99. ಭೂಮಿಯ ಕೇಂದ್ರದಿಂದ ನೆಲಕ್ಕೆ ಇರುವ ದೂರ 6,371 ಕಿಲೋಮೀಟರ್ ಅನ್ನುವುದನ್ನು ಇದರ ಪಕ್ಕ ಇಟ್ಟು ನೋಡಿ. ನಾವು ಬದುಕಿರುವ ಗಾಳಿ ಎಷ್ಟು ತೆಳು ಅಂತ ಆಗ ಗೊತ್ತಾಗುತ್ತದೆ.

ಹಾಗಾದರೆ ಗಾಳಿಯಲ್ಲಿ ಏನೇನಿದೆ ಅನ್ನುವುದರ ಮೇಲೆ ಪದರ ಮಾಡಿದ್ದಾರಾ? ಅದೂ ಅಲ್ಲ. ಒಣಗಾಳಿಯಲ್ಲಿ ಸಾರಜನಕ ಶೇಕಡಾ 78, ಆಮ್ಲಜನಕ 21ಕ್ಕೆ ಸ್ವಲ್ಪ ಕಡಿಮೆ, ಆರ್ಗಾನ್ 0.93. ಇಂಗಾಲದ ಡೈ ಆಕ್ಸೈಡ್ 0.04ರ ಆಸುಪಾಸು. ನೀರಿನ ಆವಿ ಮಾತ್ರ ಜಾಗದಿಂದ ಜಾಗಕ್ಕೆ ಹೆಚ್ಚು ಕಡಿಮೆ ಆಗುತ್ತದೆ. ಸುಮಾರು 100 ಕಿಲೋಮೀಟರ್ ಎತ್ತರದವರೆಗೂ ಗಾಳಿ ಕಲಕುತ್ತಲೇ ಇರುವುದರಿಂದ ಮುಖ್ಯ ಅನಿಲಗಳ ಈ ಪಾಲು ಹೆಚ್ಚುಕಮ್ಮಿ ಹೀಗೇ ಇರುತ್ತದೆ. ಎವರೆಸ್ಟ್ ತುದಿಯಲ್ಲಿ ಆಮ್ಲಜನಕದ ಪಾಲು ಕಡಿಮೆ ಅಂತ ಹೇಳುವವರಿದ್ದಾರೆ. ಅಲ್ಲೂ ಅದು ಶೇಕಡಾ 21ರ ಹತ್ತಿರವೇ. ಆದರೆ ಗಾಳಿಯ ಒತ್ತಡವೇ ಸಮುದ್ರ ಮಟ್ಟದ ಮೂರನೇ ಒಂದು ಭಾಗಕ್ಕೆ ಇಳಿದಿರುತ್ತದೆ, ಉಸಿರಿಗೆ ಸಿಗುವುದು ಅಷ್ಟೇ.

ಉಳಿದದ್ದು ಉಷ್ಣಾಂಶ. ಮೊದಲ ನಾಲ್ಕು ಪದರಗಳನ್ನು ಮಾಡಿರುವುದು ಅದೇ. ಮೇಲೆ ಹೋದಂತೆ ಉಷ್ಣಾಂಶ ಒಂದೇ ಸಮನೆ ಇಳಿಯುವುದಿಲ್ಲ. ಇಳಿಯುತ್ತದೆ, ಏರುತ್ತದೆ, ಮತ್ತೆ ಇಳಿಯುತ್ತದೆ, ಮತ್ತೆ ಏರುತ್ತದೆ. ಎಲ್ಲೆಲ್ಲಿ ದಿಕ್ಕು ಬದಲಾಗುತ್ತದೋ ಅಲ್ಲಲ್ಲಿ ಒಂದು ಗೆರೆ. ದಿಕ್ಕು ಯಾಕೆ ಬದಲಾಗುತ್ತದೆ ಅಂದರೆ, ಬಿಸಿಲಿನ ಬೇರೆ ಬೇರೆ ಭಾಗಗಳು ಬೇರೆ ಬೇರೆ ಎತ್ತರದಲ್ಲಿ ಹೀರಿಕೊಳ್ಳಲ್ಪಡುತ್ತವೆ. ಹಾಗಾಗಿ ಪ್ರತಿ ಪದರದ ಮುಂದೆ ಕೇಳಬೇಕಾದ್ದು ಒಂದೇ: ಇಲ್ಲಿಗೆ ಶಾಖ ಎಲ್ಲಿಂದ ಬರುತ್ತಿದೆ?

ಕೆಳಗಿನ ಪರಿವರ್ತನ ಮಂಡಲಕ್ಕೆ ಶಾಖ ಬರುವುದು ನೆಲದಿಂದ. ನಮ್ಮ ಕಣ್ಣಿಗೆ ಕಾಣುವ ಬೆಳಕನ್ನು ಗಾಳಿ ಹೀರುವುದು ತೀರಾ ಕಡಿಮೆ. ಆ ಬೆಳಕು ನೆಲ ಮತ್ತು ಸಮುದ್ರವನ್ನು ಕಾಯಿಸುತ್ತದೆ, ಕಾದ ನೆಲ ತನಗೆ ತಾಗಿದ ಗಾಳಿಯನ್ನು ಕಾಯಿಸುತ್ತದೆ. ಬಿಸಿಯಾದ ಗಾಳಿ ಮೇಲೇರುತ್ತದೆ. ಮೇಲೆ ಒತ್ತಡ ಕಡಿಮೆ ಇರುವುದರಿಂದ ಅದು ಹಿಗ್ಗುತ್ತದೆ, ಹಿಗ್ಗುತ್ತಾ ತಣ್ಣಗಾಗುತ್ತದೆ. ಸರಾಸರಿ ಲೆಕ್ಕದಲ್ಲಿ ಕಿಲೋಮೀಟರ್‌ಗೆ 6.5 ಡಿಗ್ರಿ ಸೆಲ್ಸಿಯಸ್ ಇಳಿಕೆ. ಬೆಟ್ಟದ ತುದಿ ಸೂರ್ಯನಿಗೆ ಹತ್ತಿರ, ಆದರೂ ಯಾಕೆ ಚಳಿ ಅಂತ ಮಕ್ಕಳು ಕೇಳುತ್ತಾರಲ್ವಾ, ಉತ್ತರ ಇದೇ.

ಕೆಳಗೆ ಬಿಸಿ, ಮೇಲೆ ತಂಪು ಇದ್ದರೆ ಗಾಳಿ ಸುಮ್ನೆ ನಿಲ್ಲುವುದಿಲ್ಲ. ಮೋಡ, ಮಳೆ, ಗುಡುಗು, ಚಂಡಮಾರುತ ಎಲ್ಲವೂ ಇರುವುದು ಇಲ್ಲೇ. ನೀರಿನ ಆವಿ ಬಹುಪಾಲು ಇಲ್ಲೇ. ಈ ಪದರದ ದಪ್ಪ ಎಲ್ಲ ಕಡೆ ಒಂದೇ ಇಲ್ಲ: ಧ್ರುವಗಳಲ್ಲಿ ಸುಮಾರು 8 ಕಿಲೋಮೀಟರ್, ಸಮಭಾಜಕ ವೃತ್ತದ ಹತ್ತಿರ 16ರಿಂದ 18.

ಒಳಗಿನ ಪರಿಸ್ಥಿತಿ ಎಂಥದ್ದು ಅನ್ನುವುದು 1862ರ ಸೆಪ್ಟೆಂಬರ್ 5ರಂದು ಇಬ್ಬರಿಗೆ ನೇರವಾಗಿ ಅನುಭವಕ್ಕೆ ಬಂತು. ಜೇಮ್ಸ್ ಗ್ಲೇಶರ್ ಮತ್ತು ಹೆನ್ರಿ ಕಾಕ್ಸ್‌ವೆಲ್ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಿಂದ ಬಲೂನಿನಲ್ಲಿ ಮೇಲೇರಿದರು. ಆಮ್ಲಜನಕದ ವ್ಯವಸ್ಥೆ ಇರಲಿಲ್ಲ. ಒಂದೊಂದು ಎತ್ತರದಲ್ಲೂ ಗ್ಲೇಶರ್ ಉಪಕರಣ ನೋಡಿ ಬರೆದುಕೊಳ್ಳುತ್ತಿದ್ದರು. ಸುಮಾರು 8,800 ಮೀಟರ್ ದಾಟಿದಾಗ ಅವರಿಗೆ ಕಣ್ಣು ಮಂಜಾಯಿತು, ಕೈ ಏಳಲಿಲ್ಲ, ಪ್ರಜ್ಞೆ ತಪ್ಪಿತು. ಬಲೂನು ಏರುತ್ತಲೇ ಇತ್ತು. ಅನಿಲ ಬಿಡುವ ಹಗ್ಗ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಲು ಮೇಲೆ ಹತ್ತಿದ ಕಾಕ್ಸ್‌ವೆಲ್ ಅವರ ಕೈಗಳು ಚಳಿಗೆ ಮರಗಟ್ಟಿ ಕಪ್ಪಾಗಿದ್ದವು. ಕೊನೆಗೆ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಎಳೆದರು. ಬಲೂನು ಇಳಿಯಿತು, ಇಬ್ಬರೂ ಬದುಕಿದರು. ಇಷ್ಟು ಮೇಲೆ ಹೋದರೂ ಅವರು ಇದ್ದದ್ದು ಅತಿ ಕೆಳಗಿನ ಪದರದಲ್ಲೇ.

ಆಗ ವಿಜ್ಞಾನಿಗಳು ಅಂದುಕೊಂಡಿದ್ದು, ಹೀಗೇ ತಣ್ಣಗಾಗುತ್ತಾ ಹೋಗಿ ಗಾಳಿ ಮುಗಿದುಹೋಗುತ್ತದೆ ಅಂತ. ಫ್ರಾನ್ಸ್‌ನ ಲಿಯಾನ್ ಟೇಸರಾಂಕ್ ದ ಬೋರ್ ಪ್ಯಾರಿಸ್ ಹತ್ತಿರದ ತ್ರಾಪ್‌ನಲ್ಲಿ ತಮ್ಮದೇ ಕೇಂದ್ರ ಕಟ್ಟಿಕೊಂಡು, ಜನ ಇಲ್ಲದ ಬಲೂನುಗಳಿಗೆ ಉಷ್ಣಾಂಶ ದಾಖಲಿಸುವ ಉಪಕರಣ ಕಟ್ಟಿ ಹಾರಿಬಿಡುತ್ತಿದ್ದರು. ಸುಮಾರು 11 ಕಿಲೋಮೀಟರ್ ಮೇಲೆ ಉಷ್ಣಾಂಶ ಇಳಿಯುವುದೇ ನಿಂತುಹೋಗಿದೆ ಅಂತ ದಾಖಲೆಗಳು ತೋರಿಸಿದವು. ಅವರು ನಂಬಲಿಲ್ಲ. ಬಿಸಿಲು ನೇರವಾಗಿ ಉಪಕರಣಕ್ಕೆ ಬಿದ್ದು ಅದನ್ನು ಕಾಯಿಸಿರಬೇಕು ಅನ್ನುವ ಅನುಮಾನ. ಅದಕ್ಕೆ ರಾತ್ರಿ ಹೊತ್ತು ಹಾರಿಸಿದರು. ಆಗಲೂ ಅದೇ ಫಲಿತಾಂಶ. 200ಕ್ಕೂ ಹೆಚ್ಚು ಬಲೂನುಗಳ ಲೆಕ್ಕ ಕೈಗೆ ಬಂದ ಮೇಲೆ, 1902ರಲ್ಲಿ ಅದನ್ನು ಪ್ರಕಟಿಸಿದರು. ಕೆಲವೇ ದಿನಗಳ ಅಂತರದಲ್ಲಿ ಜರ್ಮನಿಯ ರಿಚರ್ಡ್ ಆಸ್ಮನ್ ಕೂಡ ಇದನ್ನೇ ಹೇಳಿದರು. ತನಗೆ ಸಿಕ್ಕ ದೊಡ್ಡ ಸಂಗತಿಯನ್ನು ತಾನೇ ಇಷ್ಟು ಅನುಮಾನಿಸಿ ಪರೀಕ್ಷೆ ಮಾಡಿದ ಆ ತಾಳ್ಮೆಯ ಬಗ್ಗೆ ನನಗೆ ತುಂಬಾ ಗೌರವ.

ಅದೇ ಸಮೋಷ್ಣ ಮಂಡಲ. ಸುಮಾರು 50 ಕಿಲೋಮೀಟರ್‌ವರೆಗೆ ಇದೆ. ಕೆಳಭಾಗದಲ್ಲಿ ಉಷ್ಣಾಂಶ ಹೆಚ್ಚುಕಮ್ಮಿ ಒಂದೇ ಇದ್ದು, ಆಮೇಲೆ ಏರತೊಡಗುತ್ತದೆ. ತಳದಲ್ಲಿ ಮೈನಸ್ 55 ಡಿಗ್ರಿಯಷ್ಟು ಇದ್ದದ್ದು ತುದಿಯಲ್ಲಿ ಸೊನ್ನೆಯ ಹತ್ತಿರ ಬರುತ್ತದೆ. ಇಲ್ಲಿ ಶಾಖ ಕೊಡುತ್ತಿರುವುದು ಓಝೋನ್. ಅದು ಸೂರ್ಯನ ನೇರಳಾತೀತ ಕಿರಣಗಳನ್ನು ಹೀರುತ್ತದೆ, ಹೀರಿದ ಶಕ್ತಿ ಶಾಖವಾಗುತ್ತದೆ. ಓಝೋನ್ ಅತಿ ದಟ್ಟವಾಗಿರುವುದು 20ರಿಂದ 25 ಕಿಲೋಮೀಟರ್ ಎತ್ತರದಲ್ಲಿ, ಆದರೆ ಅತಿ ಬಿಸಿ ಇರುವುದು 50ರಲ್ಲಿ. ಯಾಕೆಂದರೆ ಕಿರಣಗಳು ಮೊದಲು ತಾಗುವುದು ಮೇಲಿನ ಭಾಗಕ್ಕೆ, ಅಲ್ಲಿ ಗಾಳಿಯೂ ತೆಳು. ಸ್ವಲ್ಪ ಶಾಖ ಬಂದರೂ ಉಷ್ಣಾಂಶ ಜಾಸ್ತಿ ಏರುತ್ತದೆ. ನಮ್ಮ ತಲೆಯ ಮೇಲಿರುವ ಅಷ್ಟೂ ಓಝೋನನ್ನು ಸಮುದ್ರ ಮಟ್ಟದ ಒತ್ತಡಕ್ಕೆ ತಂದು ಹರಡಿದರೆ ಬರೀ 3 ಮಿಲಿಮೀಟರ್ ದಪ್ಪ ಆದೀತು. ಜೀವಿಗಳನ್ನು ಕಾಯುತ್ತಿರುವುದು ಇಷ್ಟೇ ಇಷ್ಟು ಅನಿಲ.

ಮೇಲೆ ಬಿಸಿ, ಕೆಳಗೆ ತಂಪು ಇರುವಾಗ ಗಾಳಿ ಮೇಲೆ ಕೆಳಗೆ ಕಲಕುವುದಿಲ್ಲ. ಇದನ್ನು ಬರಿಗಣ್ಣಿನಲ್ಲೇ ನೋಡಬಹುದು. ದೊಡ್ಡ ಗುಡುಗಿನ ಮೋಡವೊಂದನ್ನು ದೂರದಿಂದ ಗಮನಿಸಿ. ಕೋಸಿನಂತೆ ಉಬ್ಬುತ್ತಾ ಏರಿದ ಮೋಡದ ನೆತ್ತಿ ಒಂದು ಎತ್ತರಕ್ಕೆ ಬಂದದ್ದೇ ಚಪ್ಪಟೆಯಾಗಿ ಅಕ್ಕಪಕ್ಕಕ್ಕೆ ಹರಡುತ್ತದೆ. ಅಲ್ಲಿಂದ ಮೇಲಿನ ಗಾಳಿ ತನಗಿಂತ ಬೆಚ್ಚಗಿರುವುದರಿಂದ ಮೋಡಕ್ಕೆ ಏರಲು ಆಗುವುದಿಲ್ಲ. ಎರಡು ಪದರಗಳ ನಡುವಿನ ಗೆರೆ ಕಣ್ಣಿಗೆ ಕಾಣುವುದು ಹಾಗೆ.

ಕಲಕದೇ ಇರುವುದರಿಂದ ಒಂದು ತೊಂದರೆಯೂ ಇದೆ: ಇಲ್ಲಿಗೆ ಬಂದದ್ದು ಬೇಗ ಹೋಗುವುದಿಲ್ಲ. ಕೆಳಗಾದರೆ ಮಳೆ ತೊಳೆದುಬಿಡುತ್ತದೆ, ಇಲ್ಲಿ ಮಳೆಯೇ ಇಲ್ಲ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಟೂಬೊ ಜ್ವಾಲಾಮುಖಿ ಸಿಡಿದಾಗ ಒಂದೂವರೆ ಕೋಟಿ ಟನ್‌ಗೂ ಹೆಚ್ಚು ಗಂಧಕದ ಡೈ ಆಕ್ಸೈಡ್ ಈ ಪದರ ಸೇರಿತು. ಅದರಿಂದ ಆದ ಸಣ್ಣ ಹನಿಗಳ ತೆರೆ ಭೂಮಿಯಿಡೀ ಹರಡಿ, ಮುಂದಿನ ಒಂದೆರಡು ವರ್ಷ ಭೂಮಿಯ ಸರಾಸರಿ ಉಷ್ಣಾಂಶವನ್ನು ಸುಮಾರು ಅರ್ಧ ಡಿಗ್ರಿ ಇಳಿಸಿತು. ಫ್ರಿಜ್ ಮತ್ತು ಸ್ಪ್ರೇ ಡಬ್ಬಿಗಳ ಕ್ಲೋರೋಫ್ಲೋರೋಕಾರ್ಬನ್‌ಗಳೂ ಹೀಗೇ ಇಲ್ಲಿಗೆ ಬಂದು ಓಝೋನನ್ನು ಒಡೆದವು. ಅಂಟಾರ್ಕ್ಟಿಕಾದ ಮೇಲೆ ಆದ ನಷ್ಟವನ್ನು 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ವರದಿ ಮಾಡಿದರು, ಇಂಥ ಅನಿಲಗಳನ್ನು ತಡೆಯಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು.

50 ಕಿಲೋಮೀಟರ್ ದಾಟಿದರೆ ಓಝೋನ್ ಕಡಿಮೆಯಾಗುತ್ತದೆ, ಶಾಖದ ಮೂಲ ತಪ್ಪುತ್ತದೆ, ಉಷ್ಣಾಂಶ ಮತ್ತೆ ಇಳಿಯುತ್ತದೆ. ಇದು ಮಧ್ಯಂತರ ಮಂಡಲ. ಸುಮಾರು 85 ಕಿಲೋಮೀಟರ್‌ನಲ್ಲಿ ಮೈನಸ್ 90 ಡಿಗ್ರಿ, ಕೆಲವೊಮ್ಮೆ ಅದಕ್ಕಿಂತಲೂ ಕೆಳಗೆ. ಇಡೀ ವಾಯುಮಂಡಲದಲ್ಲಿ ಅತಿ ಚಳಿಯ ಜಾಗ ಇದು. ರಾತ್ರಿ ಕಾಣುವ ಉಲ್ಕೆಗಳು ಹೆಚ್ಚಾಗಿ ಉರಿದುಹೋಗುವುದು ಈ ಎತ್ತರದ ಆಸುಪಾಸಿನಲ್ಲೇ. ಧ್ರುವಗಳ ಮೇಲಿನ ಈ ಭಾಗ ಅತಿ ತಣ್ಣಗಿರುವುದು ಚಳಿಗಾಲದಲ್ಲಲ್ಲ, ಬೇಸಿಗೆಯಲ್ಲಿ! ಬೇಸಿಗೆಯಲ್ಲಿ ಅಲ್ಲಿ ಗಾಳಿ ಮೇಲೇರಿ ಹಿಗ್ಗುವುದೇ ಕಾರಣ. ಬಲೂನಿಗೆ ಇದು ತೀರಾ ಎತ್ತರ, ಉಪಗ್ರಹಕ್ಕೆ ತೀರಾ ತಗ್ಗು. ಒಳಗೆ ಇಳಿದು ಅಳೆಯಬೇಕೆಂದರೆ ಕೆಲವೇ ನಿಮಿಷ ಹಾರಾಡುವ ಸಣ್ಣ ರಾಕೆಟ್‌ಗಳೇ ಗತಿ.

ಅದರ ಮೇಲೆ ಉಷ್ಣತಾ ಮಂಡಲ. ಇಲ್ಲಿ ಆಮ್ಲಜನಕ, ಸಾರಜನಕಗಳೇ ಸೂರ್ಯನ ಅತಿ ತೀಕ್ಷ್ಣ ಕಿರಣಗಳನ್ನು ಹೀರುತ್ತವೆ. ಉಷ್ಣಾಂಶ ಸಾವಿರ ಡಿಗ್ರಿ ದಾಟಬಹುದು. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಹಾಗಾದರೆ ಕರಗಿಹೋಗಬೇಕಿತ್ತು ಅಲ್ವಾ? ಸಾಣೆಕಲ್ಲಿಗೆ ಚಾಕು ಹಿಡಿದಾಗ ಹಾರುವ ಕಿಡಿಗಳನ್ನು ನೆನಪಿಸಿಕೊಳ್ಳಿ. ಒಂದೊಂದು ಕಿಡಿಯೂ ಕೆಂಪಗೆ ಕಾದಿರುತ್ತದೆ, ಆದರೂ ಕೈಗೆ ಬಿದ್ದರೆ ಸುಡುವುದಿಲ್ಲ, ಯಾಕೆಂದರೆ ಅದರಲ್ಲಿರುವ ಒಟ್ಟು ಶಾಖ ಅಷ್ಟು ಕಡಿಮೆ. ಇಲ್ಲೂ ಹಾಗೆಯೇ. ಪ್ರತಿ ಕಣವೂ ಭಾರೀ ವೇಗದಲ್ಲಿದೆ, ಆದರೆ ಕಣಗಳು ತೀರಾ ವಿರಳ.

ವಿರಳವಾದರೂ ಗಾಳಿ ಗಾಳಿಯೇ. ಸೂರ್ಯನ ಚಟುವಟಿಕೆ ಜೋರಾದಾಗ ಈ ಪದರ ಉಬ್ಬುತ್ತದೆ, ಉಪಗ್ರಹಗಳಿಗೆ ಗಾಳಿಯ ತಡೆ ಹೆಚ್ಚುತ್ತದೆ. ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ನಿರೀಕ್ಷೆಗಿಂತ ಬೇಗ ಇಳಿದು 1979ರ ಜುಲೈನಲ್ಲಿ ಬಿದ್ದಿದ್ದು ಇದರಿಂದಲೇ. ಧ್ರುವಜ್ಯೋತಿ ಬೆಳಗುವುದೂ ಇಲ್ಲೇ, ಅದರ ಹಸಿರು ಬಣ್ಣ ಆಮ್ಲಜನಕದ ಪರಮಾಣುಗಳದ್ದು.

ಅಯಾನು ಮಂಡಲವನ್ನು ಆರನೇ ಪದರ ಅಂತ ಸೇರಿಸುವುದು ಸರಿಯಲ್ಲ. ಮಧ್ಯಂತರ ಮಂಡಲದ ಮೇಲ್ಭಾಗದಿಂದ ಹಿಡಿದು ಉಷ್ಣತಾ ಮಂಡಲದ ಉದ್ದಕ್ಕೂ ಸೂರ್ಯನ ಕಿರಣಗಳು ಪರಮಾಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತುಹಾಕಿರುತ್ತವೆ. ವಿದ್ಯುತ್ ಗುಣ ಬಂದಿರುವ ಆ ಭಾಗಕ್ಕೆ ಈ ಹೆಸರು. ಅಂದರೆ ಇದು ಬೇರೆ ಅಳತೆಗೋಲಿನಿಂದ ಮಾಡಿದ ವಿಂಗಡಣೆ. 1901ರಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರದಾಚೆಗೆ ರೇಡಿಯೋ ಸಂಕೇತ ಕಳಿಸಿದಾಗ, ದುಂಡಗಿನ ಭೂಮಿಯ ಬಾಗನ್ನು ಅದು ದಾಟಿದ್ದು ಹೇಗೆ ಅನ್ನುವ ಪ್ರಶ್ನೆ ಎದ್ದಿತು. ಮೇಲೆ ರೇಡಿಯೋ ಅಲೆಗಳನ್ನು ಹಿಂದಕ್ಕೆ ಕಳಿಸುವ ಪದರವಿದೆ ಅಂತ ಮರುವರ್ಷ ಕೆನ್ನೆಲಿ ಮತ್ತು ಹೆವಿಸೈಡ್ ಊಹಿಸಿದರು. 1924ರಲ್ಲಿ ಎಡ್ವರ್ಡ್ ಆ್ಯಪಲ್‌ಟನ್ ಪ್ರಯೋಗದಿಂದ ತೋರಿಸಿದರು, ಈ ಕೆಲಸಕ್ಕೆ 1947ರ ನೊಬೆಲ್ ಬಂತು. ಮೀಡಿಯಂ ವೇವ್ ರೇಡಿಯೋದಲ್ಲಿ ದೂರದ ನಿಲಯಗಳು ರಾತ್ರಿ ಹೊತ್ತು ಚೆನ್ನಾಗಿ ಕೇಳುವುದು, ಅಲೆಗಳನ್ನು ನುಂಗುವ ಇದರ ಕೆಳಭಾಗ ಸೂರ್ಯ ಮುಳುಗಿದ ಮೇಲೆ ಹೆಚ್ಚುಕಮ್ಮಿ ಮಾಯವಾಗುವುದರಿಂದ.

ಐದನೆಯದಾದ ಬಾಹ್ಯ ಮಂಡಲದ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಇದೊಂದಕ್ಕೆ ಮಾತ್ರ ಗೆರೆ ಎಳೆದಿದ್ದು ಉಷ್ಣಾಂಶ ಅಲ್ಲ, ಕಣಗಳ ವಿರಳತೆ. ಅಲ್ಲಿ ಜಲಜನಕ, ಹೀಲಿಯಂ ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದೇ ಅಪರೂಪ. ಕೆಲವು ತಪ್ಪಿಸಿಕೊಂಡು ಬಾಹ್ಯಾಕಾಶಕ್ಕೆ ಹೋಗಿಬಿಡುತ್ತವೆ. ಬಾಹ್ಯಾಕಾಶ 100 ಕಿಲೋಮೀಟರ್‌ಗೆ ಶುರು ಅನ್ನುವ ಕಾರ್ಮಾನ್ ರೇಖೆ ಲೆಕ್ಕಕ್ಕೆ ಅನುಕೂಲ ಆಗಲಿ ಅಂತ ಜನ ಒಪ್ಪಿಕೊಂಡದ್ದು, ಗಾಳಿಗೆ ಅಂಥ ಗಡಿ ಇಲ್ಲ.

ಕೆಳಗಿನ ಗೆರೆಗಳೂ ನಿಂತಲ್ಲೇ ನಿಂತಿಲ್ಲ. ಇಂಗಾಲದ ಡೈ ಆಕ್ಸೈಡ್ ಹೆಚ್ಚಿದಾಗ ಪರಿವರ್ತನ ಮಂಡಲ ಬಿಸಿಯಾಗುತ್ತದೆ, ಏಕೆಂದರೆ ಅದು ನೆಲದಿಂದ ಹೊರಡುವ ಶಾಖವನ್ನು ತಡೆಯುತ್ತದೆ. ಅದೇ ಅನಿಲ ಸಮೋಷ್ಣ ಮಂಡಲದಲ್ಲಿ ಶಾಖವನ್ನು ಬಾಹ್ಯಾಕಾಶಕ್ಕೆ ಚೆಲ್ಲುತ್ತದೆ, ಹಾಗಾಗಿ ಆ ಪದರ ತಣ್ಣಗಾಗುತ್ತದೆ. ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲೇ ಇದನ್ನು ಲೆಕ್ಕ ಹಾಕಿ ಹೇಳಿದ್ದರು. ಆಮೇಲೆ ಬಲೂನು ಮತ್ತು ಉಪಗ್ರಹಗಳು ಅಳೆದಾಗ ಹಾಗೆಯೇ ಕಂಡಿತು. ಭೂಮಿ ಬಿಸಿಯಾಗುತ್ತಿರುವುದು ಸೂರ್ಯನಿಂದಲೇ ಆಗಿದ್ದರೆ ಎರಡೂ ಪದರಗಳು ಒಟ್ಟಿಗೆ ಬಿಸಿಯಾಗಬೇಕಿತ್ತು. ಕೆಳಗೆ ಬಿಸಿ, ಮೇಲೆ ತಂಪು ಆಗುತ್ತಿರುವುದರಿಂದ ಅವುಗಳ ನಡುವಿನ ಗೆರೆಯೇ ಮೇಲಕ್ಕೆ ಸರಿಯುತ್ತಿದೆ. ಉತ್ತರಾರ್ಧ ಗೋಳದಲ್ಲಿ ಬಲೂನುಗಳ ಅಳತೆ ಪ್ರಕಾರ ಹತ್ತು ವರ್ಷಕ್ಕೆ ಸುಮಾರು 50ರಿಂದ 60 ಮೀಟರ್.