ಅರ್ಧ ಮಿಲಿಸೆಕೆಂಡಿನ ಹೊಡೆತ, ಐದು ನಿಮಿಷದ ಕೋಪ

ಒಂದು ಶನಿವಾರ ಬೆಳಿಗ್ಗೆ ಭಾವನ ಜೊತೆ ಗಾಲ್ಫ್ ಮೈದಾನಕ್ಕೆ ಹೋಗಿದ್ದೆ. ಆಡಲು ಅಲ್ಲ, ಸುಮ್ನೆ ಜೊತೆಗೆ ನಡೆಯಲು. ಬೆಂಗಳೂರಲ್ಲೇ ಹುಟ್ಟಿ ಬೆಳೆದರೂ ಗಾಲ್ಫ್ ಅಂದರೆ ನನಗೆ ಸ್ಯಾಂಕಿ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಕಾಣುವ ಹಸಿರು, ಅಷ್ಟೇ. ಅಲ್ಲಿನ ಬೆಂಗಳೂರು ಗಾಲ್ಫ್ ಕ್ಲಬ್ 1876ರಿಂದ ಇದೆ. ನಾವು ಹೋಗಿದ್ದು ಅಲ್ಲಿಗಲ್ಲ, ಊರಾಚೆಯ ಬೇರೊಂದು ಮೈದಾನಕ್ಕೆ.

ಆರನೇ ಹೋಲ್‌ನಲ್ಲಿ, ಅಂದರೆ ಆಟದ ಆರನೇ ಗುಳಿಯ ಹತ್ತಿರ, ಅದು ಆಯಿತು. ಚೆಂಡಿಗೂ ಗುಳಿಗೂ ಒಂದು ಮೀಟರ್ ಕೂಡ ಇರಲಿಲ್ಲ. ಗುಳಿಯ ಅಗಲ 108 ಮಿಲಿಮೀಟರ್, ಚೆಂಡಿನದು ಸುಮಾರು 43. ಹೋಗದೇ ಇರಲು ಕಾರಣವೇ ಇಲ್ಲ. ಚೆಂಡು ಅಂಚಿನ ಸುತ್ತ ಅರ್ಧ ಸುತ್ತು ಹಾಕಿ ಹೊರಗೆ ಬಂದು ನಿಂತಿತು. ಮನೆಯಲ್ಲಿ ಎಂದೂ ದನಿ ಏರಿಸದ ನಮ್ಮ ಭಾವ ಪಟರ್, ಅಂದರೆ ಚೆಂಡನ್ನು ಗುಳಿಗೆ ಉರುಳಿಸುವ ಕೋಲು, ಎತ್ತಿ ತಮ್ಮ ಬೂಟಿಗೇ ಬಾರಿಸಿಕೊಂಡರು. ಕೋಲುಗಳ ಚೀಲ ಹೊರುವ ಕ್ಯಾಡಿ ಏನೂ ಮಾತಾಡಲಿಲ್ಲ. ಒದ್ದೆ ಟವೆಲ್‌ನಲ್ಲಿ ಚೆಂಡು ಒರೆಸಿದ, ಬಾವುಟ ನೆಟ್ಟ, ನಿಧಾನಕ್ಕೆ ಮುಂದೆ ಹೊರಟ.

ಇಷ್ಟು ಸಮಾಧಾನದ ಮನುಷ್ಯನಿಗೆ ಇಷ್ಟು ಕೋಪ ಎಲ್ಲಿಂದ ಬಂತು? ಲೆಕ್ಕ ಹಾಕಿ ನೋಡಿದರೆ ಗಾಲ್ಫ್ ಒಂದು ವಿಚಿತ್ರ ಆಟ. ದೂರಕ್ಕೆ ಹೊಡೆಯುವ ಕೋಲಾದ ಡ್ರೈವರ್‌ನಿಂದ ಜೋರಾಗಿ ಹೊಡೆದಾಗ ಚೆಂಡು ಕೋಲಿಗೆ ಅಂಟಿಕೊಂಡಿರುವುದು ಸುಮಾರು ಅರ್ಧ ಮಿಲಿಸೆಕೆಂಡ್ ಮಾತ್ರ. ಎಲ್ಲ ಹೊಡೆತಕ್ಕೂ ಅಷ್ಟೇ ಎಂದಿಟ್ಟುಕೊಂಡರೆ, ಪಳಗಿದವರ ಇಡೀ ಆಟದ 70 ಹೊಡೆತಕ್ಕೆ 35 ಮಿಲಿಸೆಕೆಂಡ್. ಒಮ್ಮೆ ಕಣ್ಣು ಮಿಟುಕಿಸಲು ಇದಕ್ಕಿಂತ ಜಾಸ್ತಿ ಹೊತ್ತು ಬೇಕು. ನಾಲ್ಕು ಗಂಟೆಯ ಆಟದಲ್ಲಿ ಉಳಿದದ್ದೆಲ್ಲ ನಡೆಯುವುದು, ಕಾಯುವುದು, ಯೋಚಿಸುವುದು. ಕ್ರಿಕೆಟ್‌ನಲ್ಲಿ ಬ್ಯಾಟು ಬೀಸಿ ತಪ್ಪಿದರೆ ಮುಂದಿನ ಚೆಂಡು ಬಂದೇ ಬಿಡುತ್ತದೆ. ಇಲ್ಲಿ ತಪ್ಪನ್ನು ಹೆಗಲ ಮೇಲೆ ಹೊತ್ತುಕೊಂಡು ಇನ್ನೂರು ಮೀಟರ್ ನಡೆಯಬೇಕು.

ಬೈಯಲಿಕ್ಕೂ ಯಾರೂ ಸಿಗುವುದಿಲ್ಲ. ಬೌಲರ್ ಇಲ್ಲ, ಚೆಂಡು ನಿಂತಲ್ಲೇ ನಿಂತಿರುತ್ತದೆ. ಕೋಲಿನ ಮುಖ ಒಂದೇ ಒಂದು ಡಿಗ್ರಿ ತಿರುಗಿದ್ದರಿಂದ ಚೆಂಡಿನ ದಿಕ್ಕೂ ಒಂದು ಡಿಗ್ರಿ ಬದಲಾಯಿತು ಅಂದುಕೊಳ್ಳಿ. ಇನ್ನೂರು ಮೀಟರ್ ದೂರದಲ್ಲಿ ಅದು ಮೂರೂವರೆ ಮೀಟರ್ ಪಕ್ಕಕ್ಕೆ ಬೀಳುತ್ತದೆ. ಆ ಒಂದು ಡಿಗ್ರಿ ಕೈಗೆ ಗೊತ್ತಾಗುವುದೇ ಇಲ್ಲ. ಕಣ್ಣಿಗೆ ಕಾಣುವುದು ಪೊದೆಯಲ್ಲಿ ಬಿದ್ದ ಚೆಂಡು ಮಾತ್ರ.

ಕೋಪ ಬಂದಾಗ ದೇಹ ಜಗಳಕ್ಕೆ ಸಜ್ಜಾಗುತ್ತದೆ. ಅಡ್ರಿನಲಿನ್ ಏರುತ್ತದೆ, ಎದೆಬಡಿತ ಜೋರಾಗುತ್ತದೆ, ಮುಂಗೈ ಬಿಗಿಯಾಗುತ್ತದೆ. ಮೂಟೆ ಎತ್ತಲು ಇದು ಸರಿ. ಆದರೆ ಪಟ್ ಮಾಡಲು, ಅಂದರೆ ಚೆಂಡನ್ನು ಮೆಲ್ಲಗೆ ಗುಳಿಗೆ ಉರುಳಿಸಲು, ಬೆರಳು ಸಡಿಲ ಇರಬೇಕು. ಇನ್ನೊಂದು ತೊಂದರೆ ತಲೆಯೊಳಗಿನದು. ಅಮೆರಿಕದ ಮನೋವಿಜ್ಞಾನಿಗಳಾದ ಸಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ 2001ರಲ್ಲಿ ಪಟ್ಟಿಂಗ್ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಈಗಷ್ಟೇ ಹೊಡೆದದ್ದನ್ನು ಹೇಗೆ ಹೊಡೆದಿರಿ ಎಂದು ಕೇಳಿದರೆ, ಹೊಸಬರಿಗಿಂತ ಪಳಗಿದವರಿಗೇ ಕಡಿಮೆ ನೆನಪಿತ್ತು! ಕೈ ತಾನಾಗಿ ಕೆಲಸ ಮಾಡಿ ಮುಗಿಸಿರುತ್ತದೆ. ಒತ್ತಡದಲ್ಲಿ ಮಾತ್ರ ಆಟಗಾರ ಆ ಕೈ ಮೇಲೆ ಕಾವಲು ಕೂರುತ್ತಾನೆ. ಮೆಟ್ಟಿಲಿಳಿಯುವಾಗ ಒಂದೊಂದು ಹೆಜ್ಜೆಯನ್ನೂ ಗಮನಿಸಿ ನೋಡಿ, ಎಡವುತ್ತೀರಿ.

ಕಳೆದುಕೊಳ್ಳುವ ಸಂಕಟವೂ ಸೇರಿಕೊಳ್ಳುತ್ತದೆ. ಡೆವಿನ್ ಪೋಪ್ ಮತ್ತು ಮಾರಿಸ್ ಶ್ವೈಟ್ಸರ್ ಎಂಬ ಸಂಶೋಧಕರು ವೃತ್ತಿಪರರ 25 ಲಕ್ಷಕ್ಕೂ ಹೆಚ್ಚು ಪಟ್‌ಗಳನ್ನು ಜಾಲಾಡಿ 2011ರಲ್ಲಿ ಬರೆದದ್ದು ಇದು: ದೂರ ಒಂದೇ ಇದ್ದರೂ, ಆ ಹೋಲ್‌ಗೆ ನಿಗದಿಯಾದ ಹೊಡೆತಗಳಲ್ಲಿ ಒಂದನ್ನು ಉಳಿಸುವ ಬರ್ಡಿ ಪಟ್‌ಗಿಂತ, ನಿಗದಿಯಷ್ಟರಲ್ಲೇ ಮುಗಿಸಿ ನಷ್ಟ ತಪ್ಪಿಸುವ ಪಾರ್ ಪಟ್ ಹೆಚ್ಚು ಸಲ ಗುಳಿಗೆ ಬೀಳುತ್ತದೆ. ಸಿಕ್ಕಿದ್ದರ ಖುಷಿಗಿಂತ ಹೋಗಿದ್ದರ ನೋವೇ ದೊಡ್ಡದು. ನಮ್ಮೂರಿನ ಅದಿತಿ ಅಶೋಕ್ 2021ರ ಆಗಸ್ಟ್ 7ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಪದಕ ತಪ್ಪಿಸಿಕೊಂಡರು. ಅಮ್ಮನೇ ಕ್ಯಾಡಿ. ಗಾಲ್ಫಿನ ಗಂಧವೇ ಇಲ್ಲದ ನಮ್ಮಂಥವರಿಗೂ ಅವತ್ತು ಕಾಫಿ ಇಳಿಯಲಿಲ್ಲ. ಕಳೆದುಕೊಂಡ ಅವರು ಮಾತ್ರ ಕೋಲು ಎಸೆಯಲಿಲ್ಲ.

ಎಸೆದರೆ ಏನಾಗುತ್ತದೆ? ಅಮೆರಿಕದ ಗಾಲ್ಫ್ ಆಟಗಾರ ಬೆನ್ ಕ್ರೆನ್‌ಶಾ ಅವರ ಅಡ್ಡಹೆಸರು 'ಜೆಂಟಲ್ ಬೆನ್', ಸಾಧು ಬೆನ್ ಅನ್ನಿ. ಅಮೆರಿಕ ಮತ್ತು ಯುರೋಪ್ ತಂಡಗಳು ಸೆಣಸುವ ರೈಡರ್ ಕಪ್‌ನಲ್ಲಿ, 1987ರಲ್ಲಿ, ಇದೇ ಸಾಧು ಮನುಷ್ಯ ಆರನೇ ಹೋಲ್ ಮುಗಿಸಿದ ಸಿಟ್ಟಿನಲ್ಲಿ ಪಟರ್ ಮುರಿದುಕೊಂಡರು. ಹಾಗೆ ಮುರಿದದ್ದಕ್ಕೆ ಬದಲಿ ಕೋಲು ಕೊಡುವುದಿಲ್ಲ. ಉಳಿದ ಹೋಲ್‌ಗಳಲ್ಲಿ ಒನ್ ಐರನ್, ವೆಜ್ ಎಂಬ ಬೇರೆ ಕೋಲುಗಳನ್ನು ಹಿಡಿದೇ ಪಟ್ ಮಾಡಿದರು. ಆದರೂ ಪಂದ್ಯವನ್ನು ಕೊನೆಯ ಹೋಲ್‌ವರೆಗೆ ಎಳೆದು, ಐರ್ಲೆಂಡಿನ ಏಮನ್ ಡಾರ್ಸಿಗೆ ಒಂದೇ ಹೋಲ್‌ನಿಂದ ಸೋತರು. ಅಮೆರಿಕದ ನೆಲದಲ್ಲಿ ಯುರೋಪ್ ಮೊದಲ ಸಲ ಗೆದ್ದದ್ದು ಆ ವರ್ಷವೇ.

'ಕೋಪ ಹೊರಗೆ ಹಾಕಿದರೆ ಹಗುರಾಗುತ್ತದೆ' ಅಂತಾರೆ, ಅಲ್ವಾ? ನಾನೂ ನಂಬಿದ್ದೆ. ಮನೋವಿಜ್ಞಾನಿ ಬ್ರಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗ ಉಲ್ಟಾ ಹೇಳುತ್ತದೆ. ತಮ್ಮನ್ನು ಕೆಣಕಿದವನನ್ನು ನೆನೆದು ಚೀಲಕ್ಕೆ ಗುದ್ದಿದವರ ಸಿಟ್ಟು, ಸುಮ್ಮನೆ ಕೂತವರದಕ್ಕಿಂತ ಜಾಸ್ತಿಯಾಗಿತ್ತು. 154 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ 2024ರ ವಿಶ್ಲೇಷಣೆಯೂ ಅದೇ ದಾರಿಯಲ್ಲಿದೆ. ಎದೆಬಡಿತ ಇಳಿಸುವ ಉಸಿರಾಟ, ಧ್ಯಾನದಂಥವು ಕೋಪ ತಗ್ಗಿಸುತ್ತವೆ, ಜಾಗಿಂಗ್ ಅಲ್ಲ. ಉಸಿರು ನಿಧಾನಕ್ಕೆ ಬಿಟ್ಟಾಗ ವೇಗಸ್ ನರ ಹೃದಯಕ್ಕೆ ಬ್ರೇಕ್ ಹಾಕುತ್ತದೆ. ಸಿಗ್ನಲ್‌ನಲ್ಲಿ ಹಾರ್ನ್ ಒತ್ತುವವರಿಗೆ ಯಾರಾದರೂ ಇದನ್ನು ಹೇಳಬೇಕು.

ಕ್ಯಾಡಿಗೆ ಇದು ಆಗಲೇ ಗೊತ್ತಿತ್ತು. ಯಾಕಪ್ಪಾ ಅಷ್ಟು ನಿಧಾನ ನಡೆದೆ ಎಂದು ಕೇಳಿದೆ. "ಸಿಟ್ಟಲ್ಲಿರೋರ ಕೈಗೆ ಬೇಗ ಸ್ಟಿಕ್ ಕೊಡಬಾರ್ದು ಸಾರ್" ಅಂದ.

ಗಾಲ್ಫಿನ ಸಭ್ಯತೆಗೆ ಎಲ್ಲರೂ ಹೆಸರಿಸುವ ಅಮೆರಿಕದ ಹಳೆಯ ಆಟಗಾರ ಬಾಬಿ ಜೋನ್ಸ್ ಕೂಡ ಮೊದಲು ಮುಂಗೋಪಿಯೇ. 1921ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಹನ್ನೊಂದನೇ ಹೋಲ್‌ನಲ್ಲಿ, ಮರಳಿನಿಂದ ಚೆಂಡು ಮೇಲೇಳದೆ ಸ್ಪರ್ಧೆಯನ್ನೇ ಕೈಬಿಟ್ಟ ಹುಡುಗ. ನಾಲ್ಕು ವರ್ಷಕ್ಕೆ ಅಮೆರಿಕನ್ ಓಪನ್‌ನಲ್ಲಿ ಹುಲ್ಲಿನಲ್ಲಿದ್ದ ಅವರ ಚೆಂಡು ಹೊಡೆಯುವ ಮೊದಲೇ ಸ್ವಲ್ಪ ಅಲುಗಿತು. ಬೇರೆ ಯಾರೂ ನೋಡಿರಲಿಲ್ಲ. ತಾವೇ ಒಂದು ಹೊಡೆತದ ದಂಡ ಹಾಕಿಕೊಂಡರು. ಆಟ ಸಮವಾಗಿ ಪ್ಲೇಆಫ್‌ಗೆ ಹೋಯಿತು, ಅಲ್ಲಿ ಒಂದೇ ಹೊಡೆತದಿಂದ ಸೋತರು. ಹೊಗಳಿದವರಿಗೆ, ಬ್ಯಾಂಕ್ ದೋಚಲಿಲ್ಲ ಅಂತ ಹೊಗಳಿದ ಹಾಗಾಯ್ತು ಎಂಬರ್ಥದಲ್ಲಿ ಹೇಳಿದರಂತೆ. ನನಗನಿಸುವುದು, ಆ ಕೋಪಕ್ಕೂ ಈ ಪ್ರಾಮಾಣಿಕತೆಗೂ ಬೇರು ಒಂದೇ. ತಪ್ಪು ಹೊರಿಸಲು ಅಲ್ಲಿ ಬೇರೆ ಯಾರೂ ಇಲ್ಲ.

ಹದಿನಾರನೇ ಹೋಲ್‌ನಲ್ಲಿ ಭಾವನ ಚೆಂಡು ಉದ್ದ ಹುಲ್ಲಿಗೆ ಬಿತ್ತು. ಕೋಲು ಹಿಂದೆ ಇಡುವಾಗ ಅದು ಒಂದಿಷ್ಟು ಉರುಳಿತು. ಭಾವ ನಮ್ಮ ಕಡೆ ನೋಡಿದರು. ನಾನು ಆಕಾಶದಲ್ಲಿ ಹದ್ದು ನೋಡುತ್ತಿದ್ದೆ. ಸ್ವಲ್ಪ ಹೊತ್ತು ಬಿಟ್ಟು ಅವರೇ ಕ್ಯಾಡಿಗೆ, "ಒಂದು ಸೇರಿಸ್ಕೋಪ್ಪ" ಅಂದರು.

"ಆಗ್ಲೇ ಹಾಕಿದೀನಿ ಸಾರ್."