ಆರ್ಫಿಯಸ್‌ಗೆ ಅಧ್ಯಾತ್ಮ ಅಂಟಿಕೊಂಡ ಬಗೆ

ಅವನು ಲೈರ್ ಎಂಬ ತಂತಿವಾದ್ಯ ನುಡಿಸಿದರೆ ಮರಗಳೂ ಮೃಗಗಳೂ ಹಿಂಬಾಲಿಸುತ್ತಿದ್ದವು. ಸತ್ತ ಹೆಂಡತಿ ಯೂರಿಡಿಸಿಯನ್ನು ಕರೆತರಲು ಪಾತಾಳಕ್ಕೆ ಇಳಿದ, ತಿರುಗಿ ನೋಡಬಾರದೆಂಬ ಷರತ್ತು ಮುರಿದು ಅವಳನ್ನು ಕಳೆದುಕೊಂಡ. ಗ್ರೀಕ್ ಪುರಾಣದಲ್ಲಿ ಬರುವ, ಥ್ರೇಸ್‌ನ ಗಾಯಕ ಆರ್ಫಿಯಸ್‌ನ ಕಥೆ ಹೆಚ್ಚುಕಡಿಮೆ ಇಷ್ಟೇ. ಇದರ ಮೇಲೆ ಪುನರ್ಜನ್ಮ, ಆದಿಪಾಪ, ರಹಸ್ಯ ದೀಕ್ಷೆ ಎಲ್ಲವನ್ನೂ ಹೇರಿರುವುದರಿಂದ ಯಾವುದು ಯಾವ ಕಾಲದ್ದು ಎಂದು ಬಿಡಿಸಿ ನೋಡದೆ ತಲೆಬುಡ ತಿಳಿಯುವುದಿಲ್ಲ.

ಅವನ ಹೆಸರು ಮೊದಲು ಸಿಗುವುದು ಕ್ರಿ.ಪೂ. 6ನೇ ಶತಮಾನದ ಕವಿ ಇಬಿಕಸ್‌ನಲ್ಲಿ, ಅದೂ ‘ಹೆಸರಾಂತ ಆರ್ಫಿಯಸ್’ ಎಂಬ ಎರಡೇ ಪದ. ತಿರುಗಿ ನೋಡುವ ಪ್ರಸಂಗ ಈಗಿನ ರೂಪದಲ್ಲಿ ನೆಲೆಯೂರಿದ್ದು ರೋಮನ್ ಕವಿಗಳಾದ ವರ್ಜಿಲ್, ಓವಿಡ್‌ರಿಂದ. ಅವರಿಗಿಂತ ಮುಂಚಿನ ಗ್ರೀಕ್ ದಾರ್ಶನಿಕ ಪ್ಲೇಟೊನ ಕೃತಿಯೊಂದರಲ್ಲಿ ಅವನು ಸಾಯುವ ಧೈರ್ಯವಿಲ್ಲದೆ ಜೀವಂತವಾಗಿ ಪಾತಾಳಕ್ಕೆ ನುಸುಳಿದ ಪುಕ್ಕಲ. ದೇವತೆಗಳು ಅವನಿಗೆ ತೋರಿಸಿದ್ದು ಹೆಂಡತಿಯ ನೆರಳನ್ನಷ್ಟೇ. ಆರ್ಫಿಯಸ್‌ನ ಹೆಸರಿನ ಪುಸ್ತಕಗಳ ರಾಶಿ ಹಿಡಿದು ಸಿರಿವಂತರ ಬಾಗಿಲು ತಟ್ಟುವ, ಪಾಪ ತೊಳೆಯುತ್ತೇವೆನ್ನುವ ಅಲೆಮಾರಿ ಪುರೋಹಿತರನ್ನೂ ಪ್ಲೇಟೊ ಚುಚ್ಚುತ್ತಾನೆ. ವ್ಯಾಪಾರ ಆಗಲೇ ಶುರುವಾಗಿತ್ತು.

ನಿಜವಾದ ಗೋಜಲು, ಆರ್ಫಿಯಸ್ ಪಂಥದವೆಂದು ಹೇಳಲಾಗುವ ಚಿನ್ನದ ತಗಡುಗಳದ್ದು. ದಕ್ಷಿಣ ಇಟಲಿ, ಥೆಸಲಿ, ಕ್ರೀಟ್‌ಗಳ ಸಮಾಧಿಗಳಲ್ಲಿ ಸಿಕ್ಕ ಇವು ಕೆಲವೇ ಸೆಂಟಿಮೀಟರ್ ಅಗಲದವು. ದಕ್ಷಿಣ ಇಟಲಿಯ ಹಿಪೋನಿಯನ್‌ನ ತಗಡು ಸುಮಾರು ಕ್ರಿ.ಪೂ. 400ರದ್ದು, ಮಡಚಿ ಒಬ್ಬ ಮಹಿಳೆಯ ಶವದ ಎದೆಯ ಮೇಲಿಟ್ಟಿದ್ದರು. ಸತ್ತವರಿಗೆ ಅದು ದಾರಿ ಹೇಳುತ್ತದೆ: ಬಲಗಡೆ ಬಿಳಿ ಸೈಪ್ರೆಸ್ ಮರದ ಪಕ್ಕ ಒಂದು ಚಿಲುಮೆ ಇದೆ, ಹತ್ತಿರವೂ ಸುಳಿಯಬೇಡ. ಮುಂದೆ ನೆನಪಿನ ಸರೋವರದಿಂದ ಹರಿವ ತಣ್ಣೀರಿದೆ, ಅದಕ್ಕೆ ಕಾವಲುಗಾರರಿದ್ದಾರೆ. ‘ನಾನು ಭೂಮಿಯ, ನಕ್ಷತ್ರಮಯ ಆಕಾಶದ ಕೂಸು, ಬಾಯಾರಿ ಸಾಯುತ್ತಿದ್ದೇನೆ’ ಎಂದರೆ ಕುಡಿಯಲು ಕೊಡುತ್ತಾರೆ. ಪರೀಕ್ಷೆಗೆ ಒಯ್ಯುವ ಚೀಟಿಯಂತೆಯೇ. ಅದೇ ಇಟಲಿಯ ಪೆಟೇಲಿಯಾದ ತಗಡಿನಲ್ಲಿ ಅದೇ ಚಿಲುಮೆ ಎಡಕ್ಕಿದೆ! ಇಷ್ಟು ಪುಟ್ಟ ಜಾಗದಲ್ಲಿ ಕೊರೆಯುವಾಗ ಅಕ್ಷರಗಳು ಬಿಟ್ಟುಹೋಗಿವೆ, ಛಂದಸ್ಸು ಮುರಿದಿದೆ. ಪೆಟೇಲಿಯಾದ್ದನ್ನು ಶತಮಾನಗಳ ನಂತರ ಯಾರೋ ತಾಯಿತದ ಕೊಳವೆಗೆ ತುರುಕಿದ್ದಾರೆ; ಹಿಡಿಸದ ತುದಿಯನ್ನು ಕತ್ತರಿಸಿಯೂ ಇದ್ದಾರೆ.

ಈ ತಗಡುಗಳಲ್ಲಿ ಎಲ್ಲೂ ಆರ್ಫಿಯಸ್‌ನ ಹೆಸರಿಲ್ಲ. ಅವಕ್ಕೆ ‘ಆರ್ಫಿಕ್’ ಎಂಬ ಹಣೆಪಟ್ಟಿ ಗಟ್ಟಿಯಾದದ್ದು 1879ರಲ್ಲಿ ದಕ್ಷಿಣ ಇಟಲಿಯ ಥೂರಿಯಿಯಲ್ಲಿ ಉತ್ಖನನ ನಡೆದ ಮೇಲೆ. ಟೈಟನ್ನರೆಂಬ ಹಿಂದಿನ ತಲೆಮಾರಿನ ದೇವತೆಗಳು ಮಗುವಾಗಿದ್ದ ದೇವರು ಡಯೊನೈಸಸ್‌ನನ್ನು ಹರಿದು ತಿಂದರು, ದೇವರಾಜ ಜ್ಯೂಸ್ ಆ ಟೈಟನ್ನರನ್ನು ಸಿಡಿಲಿನಿಂದ ಸುಟ್ಟ, ಆ ಮಸಿಯಿಂದ ಮನುಷ್ಯ ಹುಟ್ಟಿದ ಎಂಬ ಕಥೆಯನ್ನೂ ಆಗಲೇ ಜೋಡಿಸಲಾಯಿತು. ಮಸಿಯಿಂದ ಮನುಷ್ಯ ಎಂಬ ಕೊಂಡಿ ಸ್ಪಷ್ಟವಾಗಿ ಸಿಗುವುದು ಕ್ರಿ.ಶ. 6ನೇ ಶತಮಾನದ ದಾರ್ಶನಿಕ ಒಲಿಂಪಿಯೊಡೋರಸ್‌ನಲ್ಲಿ. ಸಾವಿರ ವರ್ಷದ ಅಂತರವನ್ನು ಒಂದೇ ವಾಕ್ಯದಲ್ಲಿ ದಾಟಿದರೆ ಟೈಟನ್ನರ ಪಾಪ ಮನುಷ್ಯನಿಗೂ ಅಂಟಿತೆಂಬ ಆದಿಪಾಪದ ಸಿದ್ಧಾಂತ ಸಲೀಸಾಗಿ ಸಿಕ್ಕಿಬಿಡುತ್ತದೆ.

ಹಾಗೆಂದು ಎಲ್ಲವೂ ಕಟ್ಟುಕಥೆಯಲ್ಲ. 1962ರಲ್ಲಿ ಥೆಸಲೊನಿಕಿ ಬಳಿಯ ಡೆರ್ವೆನಿಯಲ್ಲಿ, ಚಿತೆಯ ಅವಶೇಷಗಳ ನಡುವೆ ಪಪೈರಸ್ ಸುರುಳಿಯೊಂದು ಸಿಕ್ಕಿತು; ಇದ್ದಿಲಾದದ್ದರಿಂದಲೇ ಅದು ಕೊಳೆಯದೆ ಉಳಿಯಿತು. ಅದರಲ್ಲಿರುವುದು ಆರ್ಫಿಯಸ್‌ನದೆನ್ನುವ ಕಾವ್ಯಕ್ಕೆ ಬರೆದ ವ್ಯಾಖ್ಯಾನ. ದುಡ್ಡು ಕೊಟ್ಟು ದೀಕ್ಷೆ ಪಡೆದವರು ಏನೂ ಅರಿಯದೆ ಮನೆಗೆ ಹೋಗುತ್ತಾರೆಂದು ವ್ಯಾಖ್ಯಾನಕಾರ ಅಲ್ಲೇ ಮರುಗಿದ್ದಾನೆ.

ಇಂದು ಗ್ರೀಕ್ ದೇವತೆಗಳನ್ನು ಪೂಜಿಸುವವರು ಹಿಡಿಯುವುದು 87 ಆರ್ಫಿಕ್ ಸ್ತೋತ್ರಗಳನ್ನು, ಅವು ರೋಮನ್ ಕಾಲದವು. ಪ್ರತಿ ಸ್ತೋತ್ರದ ತಲೆಯಲ್ಲೇ ಸಾಮಾನ್ಯವಾಗಿ ಧೂಪ ಯಾವುದೆಂದಿದೆ: ಆಕಾಶಕ್ಕೆ ಲೋಬಾನ, ರಾತ್ರಿಗೆ ಉರಿಯುವ ಕೊಳ್ಳಿ, ಭೂಮಿಗೆ ಅವರೆ ಜಾತಿಯ ಕಾಳು ಬಿಟ್ಟು ಬೇರೆ ಯಾವ ಕಾಳಾದರೂ ಸುಗಂಧದೊಂದಿಗೆ. ಸ್ತೋತ್ರದ ಕೊನೆಗೆ ಬೇಡುವುದು ಹೆಚ್ಚಾಗಿ ಆರೋಗ್ಯ, ಶಾಂತಿ, ಸಂಪತ್ತು, ಒಳ್ಳೆಯ ಸಾವು.