‘ಮೀಟರಿಂಗ್ ವಾಲ್ವ್’ ಅಂದರೆ ಏನು? ಬಾಯಿ ಮುಚ್ಚಿದ ಡಬ್ಬಿಗೆ ಔಷಧ ತುಂಬುವ ಕಥೆ

ಬೆಳಗಾವಿಯಲ್ಲಿ ಜಡಿಮಳೆ ಹಿಡಿಯಿತು ಅಂದರೆ ನಮ್ಮ ಅವ್ವನ ಇನ್ಹೇಲರ್ ಕಪಾಟಿನಿಂದ ಹೊರಗೆ ಬರುತ್ತದೆ. ಮೊನ್ನೆ ಅಣ್ಣನ ಮಗಳು ಅದರ ಪ್ಲಾಸ್ಟಿಕ್ ಕವಚದಿಂದ ಡಬ್ಬಿ ಎಳೆದು ನೋಡುತ್ತಾ ಕೂತಿದ್ದಳು.

"ಕಾಕಾ, ಇದರ ಬಾಯಿ ಬಂದ್ ಐತಿ. ಒಳಗ ಔಷಧ ಹೆಂಗ ತುಂಬ್ಯಾರ?"

"ಮೊದ್ಲ ತುಂಬಿ ಆಮ್ಯಾಲ ಮುಚ್ಚಿರ್ತಾರ," ಅಂದೆ. ಸುಮ್ನೆ ಬಾಯಿಗೆ ಬಂದದ್ದು ಹೇಳಿದೆ.

"ಮತ್ತ ಮುಚ್ಚೂತನಕ ಗ್ಯಾಸ್ ಹಾರಿ ಹೋಗಂಗಿಲ್ಲೇನು?"

ಹೋಗುತ್ತದೆ. ಊರಿನ ಕಾರ್ಖಾನೆಗಳಿರುವ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ವಾಲ್ವ್‌ಗಳ ನಡುವೆ ಇಷ್ಟು ವರ್ಷ ಕಳೆದವನಿಗೆ ಈ ಪ್ರಶ್ನೆ ಮೊದಲೇ ಹೊಳೆಯಬೇಕಿತ್ತು, ಅಲ್ವಾ? ಇಂದಿನ ಪದ ಅದಕ್ಕೇ ‘ಮೀಟರಿಂಗ್ ವಾಲ್ವ್’.

ಇಲ್ಲಿ ಮೀಟರ್ ಅಂದರೆ ಉದ್ದದ ಅಳತೆಯಲ್ಲ. ಆಟೋದ ಮೀಟರೂ ಅಲ್ಲ. ಮೀಟರಿಂಗ್ ಅಂದರೆ ಅಳೆದು ಕೊಡುವುದು. ಸೆಂಟಿನ ಸ್ಪ್ರೇ ಡಬ್ಬಿ ನೆನಪಿಸಿಕೊಳ್ಳಿ. ಒತ್ತಿ ಹಿಡಿದಷ್ಟು ಹೊತ್ತು ಸುಯ್ ಅಂತ ಬರುತ್ತಲೇ ಇರುತ್ತದೆ. ಇನ್ಹೇಲರ್ ಹಾಗಲ್ಲ. ಒಂದು ಸಲ ಒತ್ತಿದರೆ ಒಂದೇ ಪುಸ್. ಇಡೀ ದಿನ ಒತ್ತಿ ಹಿಡಿದರೂ ಎರಡನೆಯದು ಬರುವುದಿಲ್ಲ. ಬಿಟ್ಟು ಮತ್ತೆ ಒತ್ತಬೇಕು. ಗೋಡೆಗೆ ನೇತುಹಾಕುವ, ಆಗಾಗ ತಾನಾಗಿಯೇ ಪುಸ್ ಅನ್ನುವ ಸುವಾಸನೆಯ ಡಬ್ಬಿಯಲ್ಲೂ ಇದೇ ಜಾತಿಯ ವಾಲ್ವ್ ಇರುತ್ತದೆ.

ಹಳೆಯ ಎಣ್ಣೆ ಅಂಗಡಿಯಲ್ಲಿ ಚಟಾಕಿನ ಅಳತೆ ಇರುತ್ತಿತ್ತು. ಡಬ್ಬಿಯಲ್ಲಿ ಅದ್ದಿ, ತುಂಬಿಸಿ, ಗಿರಾಕಿಯ ಬಾಟಲಿಗೆ ಸುರಿಯುತ್ತಿದ್ದರು. ಅಂಥ ಪುಟ್ಟ ಅಳತೆಯೊಂದನ್ನು ವಾಲ್ವಿನ ಒಳಗೇ ಕೂಡಿಸಿದ್ದಾರೆ ಅಂದುಕೊಳ್ಳಿ. ಅದೊಂದು ಎರಡು ಬಾಗಿಲಿನ ಕೋಣೆ. ಒಂದು ಬಾಗಿಲು ಡಬ್ಬಿಯ ಕಡೆಗೆ, ಇನ್ನೊಂದು ಹೊರಗಡೆಗೆ. ಸುಮ್ಮನೆ ಇಟ್ಟಾಗ ಒಳಬಾಗಿಲು ತೆರೆದಿರುತ್ತದೆ, ಔಷಧ ಬಂದು ಕೋಣೆ ತುಂಬುತ್ತದೆ. ಒತ್ತಿದಾಗ ಸ್ಟೆಮ್ ಅನ್ನುವ ಪೊಳ್ಳು ಕಡ್ಡಿ ಡಬ್ಬಿಯ ಒಳಗೆ ಸರಿದು ಮೊದಲು ಒಳಬಾಗಿಲು ಮುಚ್ಚುತ್ತದೆ. ಆಮೇಲೆ ಹೊರಬಾಗಿಲು ತೆಗೆಯುತ್ತದೆ. ಎರಡೂ ಒಟ್ಟಿಗೆ ತೆರೆಯುವ ಹಾಗೇ ಇಲ್ಲ. ಬಾಯಿ ಕೆಳಗೆ ಮಾಡಿ ಹಿಡಿಯಿರಿ ಅಂತ ಡಾಕ್ಟರು ಹೇಳುವುದೂ ಇದಕ್ಕೇ. ದ್ರವ ಇಳಿದು ಬಂದು ಕೋಣೆ ತುಂಬಬೇಕಲ್ಲ.

ಕೋಣೆ ಎಷ್ಟು ದೊಡ್ಡದು? ಸಾಮಾನ್ಯವಾಗಿ 25ರಿಂದ 100 ಮೈಕ್ರೋಲೀಟರ್. 50 ಮೈಕ್ರೋಲೀಟರ್ ಅಂದರೆ ಹೆಚ್ಚುಕಡಿಮೆ ಒಂದು ಹನಿ ನೀರು. ಆ ಲೆಕ್ಕದಲ್ಲಿ 200 ಸಲ ಒತ್ತಿದರೂ ಹೊರಬರುವುದು 10 ಮಿಲಿ ಮಾತ್ರ.

ಈ ಬಗೆಯ ಇನ್ಹೇಲರಿನ ಹುಟ್ಟಿನ ಹಿಂದೆಯೂ ಒಬ್ಬ ಹುಡುಗಿಯ ಪ್ರಶ್ನೆಯೇ ಇದೆ. 1955ರಲ್ಲಿ ಅಮೆರಿಕದ ರೈಕರ್ ಲ್ಯಾಬೊರೇಟರೀಸ್‌ನ ಮುಖ್ಯಸ್ಥ ಜಾರ್ಜ್ ಮೈಸನ್ ಅವರನ್ನು ಉಬ್ಬಸವಿದ್ದ ಮಗಳು ಕೇಳಿದಳಂತೆ, ಕೂದಲಿಗೆ ಹೊಡೆಯುವ ಸ್ಪ್ರೇ ಥರ ನನ್ನ ಔಷಧಾನೂ ಯಾಕೆ ಬರಲ್ಲ ಅಂತ. ಹಳೆಯ ಐಸ್‌ಕ್ರೀಂ ಫ್ರೀಜರ್, ಖಾಲಿ ಸೋಡಾ ಬಾಟಲಿಗಳು ಇಟ್ಟುಕೊಂಡು ಪ್ರಯೋಗ ಶುರುವಾಯಿತು. ಫಿಲಿಪ್ ಮೆಶ್‌ಬರ್ಗ್ ಸೆಂಟಿಗೆ ಅಂತ ಮಾಡಿದ್ದ ಅಳತೆಯ ವಾಲ್ವ್ ಅದಾಗಲೇ ಇತ್ತು. 1956ರಲ್ಲಿ ಇನ್ಹೇಲರ್ ಅಂಗಡಿಗೆ ಬಂತು.

ಫ್ರೀಜರ್ ಯಾಕೆ ಬೇಕಾಯಿತು? ಔಷಧವನ್ನು ಹೊರಗೆ ದೂಡುವ ಗ್ಯಾಸ್ ಡಬ್ಬಿಯೊಳಗೆ ದ್ರವವಾಗಿ ಇರುತ್ತದೆ, ನಮ್ಮ ಅಡುಗೆ ಸಿಲಿಂಡರಿನ ಹಾಗೆ. ಈಗ ಜಾಸ್ತಿ ಬಳಸುವ ಎಚ್‌ಎಫ್‌ಎ 134ಎ ಕುದಿಯುವುದು ಸೊನ್ನೆಗಿಂತ 26 ಡಿಗ್ರಿ ಕೆಳಗೆ. ತೆರೆದ ಡಬ್ಬಿಗೆ ಸುರಿದರೆ ಕುದಿದು ಹಾರಿಹೋಗುತ್ತದೆ. ಅದಕ್ಕೆ ಒಂದು ದಾರಿ, ಎಲ್ಲವನ್ನೂ ಸೊನ್ನೆಗಿಂತ 50 ಡಿಗ್ರಿ ಕೆಳಗೋ ಇನ್ನೂ ಕೆಳಗೋ ತಣ್ಣಗೆ ಮಾಡಿ ಸುರಿದು, ವಾಲ್ವ್ ಕೂಡಿಸಿ ಮುಚ್ಚುವುದು. ಇದು ಕೋಲ್ಡ್ ಫಿಲ್ಲಿಂಗ್. ಕರೆಂಟ್ ಬಿಲ್ಲೂ ಜಾಸ್ತಿ, ಗಾಳಿಯ ತೇವ ಒಳಗೆ ಸೇರುವ ಕಾಟವೂ ಇದೆ.

ಇನ್ನೊಂದು ದಾರಿ ಪ್ರೆಶರ್ ಫಿಲ್ಲಿಂಗ್. ಮೊದಲು ಮುಚ್ಚುವುದು, ಆಮೇಲೆ ತುಂಬುವುದು. ಅಂದರೆ ನಾನು ಹುಡುಗಿಗೆ ಹೇಳಿದ್ದು ಪೂರ್ತಿ ಉಲ್ಟಾ. ಖಾಲಿ ಡಬ್ಬಿಯಿಂದ ಗಾಳಿ ಓಡಿಸಿ, ಮೇಲೆ ವಾಲ್ವ್ ಇಟ್ಟು ಸುತ್ತಲೂ ಅಮುಕುತ್ತಾರೆ. ಇದಕ್ಕೆ ಕ್ರಿಂಪಿಂಗ್ ಅನ್ನುತ್ತಾರೆ. ಉದ್ಯಮಬಾಗದಲ್ಲಿ ಹೋಸ್ ಪೈಪಿಗೆ ಫಿಟಿಂಗ್ ಹಾಕಿ ಅಮುಕುವುದಕ್ಕೂ ನಾವು ಅದೇ ಮಾತು ಹೇಳುತ್ತೇವೆ. ಆಮೇಲೆ ಯಂತ್ರದ ಫಿಲ್ಲಿಂಗ್ ಹೆಡ್ ಬಂದು ಸ್ಟೆಮ್ಮನ್ನು ಬಿಗಿಯಾಗಿ ಹಿಡಿದು ಒತ್ತುತ್ತದೆ. ಔಷಧವನ್ನೂ ಗ್ಯಾಸನ್ನೂ ಬೆರೆಸಿದ ದ್ರವವನ್ನು ಅದರ ಮೂಲಕವೇ ಒಳಗೆ ನುಗ್ಗಿಸುತ್ತದೆ.

ಒಂದು ನಿಮಿಷ, ಒತ್ತಿದಾಗ ಒಳಬಾಗಿಲು ಮುಚ್ಚುತ್ತದೆ ಅಂದೆನಲ್ಲ? ಮತ್ತೆ ಹೇಗೆ ನುಗ್ಗುತ್ತದೆ?

ಹಳೆಯ ಸೈಕಲ್ಲಿನ ವಾಲ್‌ಟ್ಯೂಬ್ ನೆನಪಿದೆಯಾ? ಸಣ್ಣ ರಬ್ಬರ್ ಕೊಳವೆ. ಪಂಪ್ ಹೊಡೆದಾಗ ಗಾಳಿ ಆ ರಬ್ಬರನ್ನು ಎತ್ತಿಕೊಂಡು ಒಳಗೆ ಹೋಗುತ್ತದೆ. ಪಂಪ್ ನಿಲ್ಲಿಸಿದರೆ ಒಳಗಿನ ಗಾಳಿಯೇ ರಬ್ಬರನ್ನು ಒತ್ತಿ ದಾರಿ ಮುಚ್ಚುತ್ತದೆ. ಇಲ್ಲಿಯೂ ಹಾಗೆಯೇ. ಯಂತ್ರ ಡಬ್ಬಿಯೊಳಗಿನದಕ್ಕಿಂತ ಎಷ್ಟೋ ಜಾಸ್ತಿ ಒತ್ತಡ ಕೊಟ್ಟಾಗ ಒಳಬಾಗಿಲಿನ ಸೀಲು, ಅಂದರೆ ಸೋರದಂತೆ ತಡೆಯುವ ರಬ್ಬರಿನ ಅಂಚು, ಸ್ವಲ್ಪ ಬಾಗಿ ದಾರಿ ಬಿಡುತ್ತದೆ. ಒತ್ತಡ ನಿಂತರೆ ಮತ್ತೆ ಕೂರುತ್ತದೆ. ಹನಿ ಹನಿಯಾಗಿ ಹೊರಗೆ ಬಿಡಲೆಂದೇ ಹುಟ್ಟಿದ ಬಾಗಿಲು, ಜೀವನದಲ್ಲಿ ಒಂದೇ ಒಂದು ಸಲ ಇಡೀ ಸರಕನ್ನು ಕೆಲವೇ ಕ್ಷಣಗಳಲ್ಲಿ ಒಳಗೆ ಬಿಟ್ಟುಕೊಳ್ಳುತ್ತದೆ. ನನಗಂತೂ ಇಡೀ ಯಂತ್ರದಲ್ಲಿ ಜಾಣತನ ಕಂಡದ್ದು ಈ ರಬ್ಬರಿನ ಅಂಚಿನಲ್ಲೇ.

ರಬ್ಬರಿಗೆ ಅದರದೇ ತಕರಾರೂ ಉಂಟು. ಹೈಡ್ರಾಲಿಕ್ ವಾಲ್ವಿಗೆ ಬೇರೆ ಎಣ್ಣೆ ಹಾಕಿದರೆ ಓ-ರಿಂಗ್ ಅನ್ನುವ ರಬ್ಬರ್ ಉಂಗುರ ಉಬ್ಬಿ, ಒಳಗೆ ಸರಿದಾಡುವ ಸ್ಪೂಲ್ ಜಾಮ್ ಆಗುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಓಝೋನ್ ಪದರ ಉಳಿಸಲು 1987ರ ಮಾಂಟ್ರಿಯಲ್ ಒಪ್ಪಂದ ಬಂತು. ಆಮೇಲೆ ಹಳೆಯ ಸಿಎಫ್‌ಸಿ ಗ್ಯಾಸ್ ಬಿಟ್ಟು ಎಚ್‌ಎಫ್‌ಎಗೆ ಬಂದಾಗ ಇನ್ಹೇಲರಿನ ಸೀಲುಗಳ ರಬ್ಬರನ್ನೂ ಹೊಸದಾಗಿ ಹುಡುಕಬೇಕಾಯಿತು. ಈಗ 152ಎ ಅನ್ನುವ, ಭೂಮಿಯನ್ನು ಕಡಿಮೆ ಬಿಸಿ ಮಾಡುವ ಗ್ಯಾಸಿನ ಮಾತು ನಡೆದಿದೆ. ಅದಕ್ಕೆ ಬೆಂಕಿ ಹತ್ತುತ್ತದೆ. ಅಂದರೆ ತುಂಬುವ ಕೋಣೆಯ ಮೋಟಾರು, ಸ್ವಿಚ್ಚುಗಳಿಂದ ಹಿಡಿದು ಗಾಳಿ ಹೊರಹಾಕುವ ಫ್ಯಾನ್ ತನಕ ಎಲ್ಲದರಲ್ಲೂ ಕಿಡಿಯ ಭಯ ಇಲ್ಲದಂತೆ ಮಾಡಬೇಕು.

ತುಂಬುವ ಯಂತ್ರದ ಅಳತೆ ಒಂದು ಪಿಸ್ಟನ್ ಮತ್ತು ಸಿಲಿಂಡರ್. ಒಂದು ಸ್ಟ್ರೋಕಿಗೆ ಇಷ್ಟು ಅಂತ. ಪೈಪಿನಲ್ಲಿ ಒತ್ತಡ ಇಳಿದರೆ ದ್ರವ ಅಲ್ಲೇ ಗುಳ್ಳೆಯಾಗಿ, ಸಿಲಿಂಡರ್ ತುಂಬಿದಂತೆ ಕಂಡರೂ ಸರಕು ಕಡಿಮೆ ಬೀಳುತ್ತದೆ. ನಮ್ಮ ಭಾಷೆಯಲ್ಲಿ ಲೈನಿನಲ್ಲಿ ಏರ್ ಸಿಕ್ಕಂತೆ. ಅದಕ್ಕೇ ಪಂಪು ಯಾವಾಗಲೂ ಒತ್ತಡ ಹಿಡಿದೇ ಇರಬೇಕು.

ಇನ್ನೊಂದು ಕಷ್ಟ ಔಷಧದ್ದೇ. ಎಷ್ಟೋ ಇನ್ಹೇಲರುಗಳಲ್ಲಿ ಔಷಧ ಕರಗಿರುವುದಿಲ್ಲ, ನುಣ್ಣನೆ ಪುಡಿಯಾಗಿ ತೇಲುತ್ತಿರುತ್ತದೆ. ಅಂಬಲಿಯನ್ನು ಕದಡದೆ ಬಡಿಸಿದರೆ ಮೊದಲಿನವನಿಗೆ ತಿಳಿ, ಕೊನೆಯವನಿಗೆ ಗಟ್ಟಿ. ಇಲ್ಲಿ ಹಾಗಾದರೆ ಒಂದು ಡಬ್ಬಿಯಲ್ಲಿ ಔಷಧವೇ ಇಲ್ಲ, ಇನ್ನೊಂದರಲ್ಲಿ ಎರಡರಷ್ಟು. ಅದಕ್ಕೆ ದ್ರವವನ್ನು ಟ್ಯಾಂಕಿನಿಂದ ಫಿಲ್ಲಿಂಗ್ ಹೆಡ್ಡಿಗೆ, ಅಲ್ಲಿಂದ ಮತ್ತೆ ಟ್ಯಾಂಕಿಗೆ ನಿಲ್ಲಿಸದೆ ಸುತ್ತಿಸುತ್ತಲೇ ಇರುತ್ತಾರೆ. ಕೊನೆಗೆ ಸ್ವಲ್ಪ ಬರೀ ಗ್ಯಾಸ್ ಬಿಟ್ಟು ಸ್ಟೆಮ್ಮಿನಲ್ಲಿ ಅಂಟಿದ ಪುಡಿಯನ್ನೂ ಒಳಗೆ ತೊಳೆದುಬಿಡುವ ಪದ್ಧತಿಯೂ ಇದೆ.

ತುಂಬಿದ ಮೇಲೆ ತೂಕ, ಬಿಸಿ ಮಾಡಿ ಸೋರಿಕೆ ಪರೀಕ್ಷೆ. ಸೀಲುಗಳು ಸರಿಯಾಗಿ ಕೂರಲಿ ಅಂತ ಕೆಲವು ದಿನ ಹಾಗೇ ಇಟ್ಟು ಮತ್ತೆ ತೂಕ. ನಿಧಾನಕ್ಕೆ ಸೋರುವ ಡಬ್ಬಿ ಆಗ ಸಿಕ್ಕಿಬೀಳುತ್ತದೆ. ಆಮೇಲೆ ಯಂತ್ರವೇ ಒತ್ತಿ ಪುಸ್ ಅನ್ನಿಸಿ ನೋಡುತ್ತದೆ.

ಇಷ್ಟು ಕೇಳಿ ಹುಡುಗಿ ಅಂದಳು: "ಅಲ್ಲೇ ಒತ್ತಿದ್ರ, ಡಬ್ಬಿ ಮ್ಯಾಲ 200 ಅಂತ ಬರದದ್ದು ಸುಳ್ಳಾತಲ್ಲ?"

ಆಗಲಿಲ್ಲ. ಅದನ್ನೂ ಲೆಕ್ಕ ಹಿಡಿದು ಸ್ವಲ್ಪ ಜಾಸ್ತಿಯೇ ತುಂಬಿರುತ್ತಾರೆ. 200 ಮುಗಿದ ಮೇಲೂ ಇನ್ಹೇಲರ್ ಪುಸ್ ಅನ್ನುವುದು ಅದಕ್ಕೇ. ಆದರೆ ಆ ಕೊನೆಯ ಪುಸ್‌ಗಳಲ್ಲಿ ಕೋಣೆ ಪೂರ್ತಿ ತುಂಬುತ್ತದೆ ಅನ್ನುವ ಭರವಸೆ ಇಲ್ಲ. ಬರುವುದು ಬರೀ ಗ್ಯಾಸ್ ಇರಬಹುದು. ಅವ್ವ ಡಬ್ಬಿಯನ್ನು ನೀರಿನ ಬಟ್ಟಲಲ್ಲಿ ತೇಲಿಸಿ ನೋಡುವ ಹಳೆಯ ಉಪಾಯವನ್ನೇ ನಂಬಿದ್ದಳು. ಅದು ಸರಿಯಾದ ಲೆಕ್ಕ ಕೊಡುವುದಿಲ್ಲ, ನೀರು ಸ್ಟೆಮ್ಮಿಗೂ ಹೋಗುತ್ತದೆ. ಈಗ ಎಣಿಕೆ ತೋರಿಸುವ ಕೌಂಟರ್ ಇರುವುದನ್ನು ತಂದಿದ್ದೇವೆ. ಅದರ ಅಂಕಿ ಓದುವ ಕೆಲಸ ಹುಡುಗಿಯದು.